ಮಗುವನ್ನು ಮನೆಗೆ ಕಳಿಸುವ ಮುಂಚೆ ಅದರ ನಾಲಿಗೆ ಎತ್ತಿ ನೋಡಿಸಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ನಿಮಗೆ ನಾನು ಬರೆಯುತ್ತಿರುವ ಮೂರನೇ ಪತ್ರ ಇದು. ಮೊದಲ ಎರಡಕ್ಕೂ ನಿಮ್ಮ ಕಚೇರಿಯಿಂದ ಒಂದೊಂದು ಸಾಲಿನ ಉತ್ತರ ಬಂತು: ಮನವಿ ತಲುಪಿದೆ, ಪರಿಶೀಲಿಸಲಾಗುವುದು. ಆಮೇಲೆ ಸುದ್ದಿಯೇ ಇಲ್ಲ. ಹಾಗಾಗಿ ಈ ಸಲ ಎಲ್ಲರ ಮುಂದೆ ಬರೆಯುತ್ತಿದ್ದೇನೆ. ಕೇಳುವುದು ಮಾತ್ರ ಅದನ್ನೇ. ಹೆರಿಗೆಯಾದ ಮೇಲೆ ಮಗುವನ್ನು ಮನೆಗೆ ಕಳಿಸುವ ಮುಂಚೆ ಯಾರಾದರೂ ಒಬ್ಬರು ಅದರ ನಾಲಿಗೆ ಎತ್ತಿ, ಟಂಗ್ ಟೈ ಇದೆಯಾ, ಅಂದರೆ ನಾಲಿಗೆ ಕೆಳಗಿನ ಪೊರೆ ಬಿಗಿಯಾಗಿ ಅಂಟಿದೆಯಾ ಅಂತ ನೋಡಬೇಕು. ಪಕ್ಕದಲ್ಲಿ ಕೂತು ಅದು ಹಾಲು ಕುಡಿಯುವುದನ್ನು ನೋಡಬೇಕು. ಅಷ್ಟೇ.

ನನ್ನ ದೊಡ್ಡ ಮಗಳು ಹುಟ್ಟಿದಾಗ ಯಾರೂ ಇದನ್ನು ಮಾಡಲಿಲ್ಲ. ತೂಕ ನೋಡಿದರು, ಎದೆಬಡಿತ ಕೇಳಿದರು, ಕೈಕಾಲು ಬಿಡಿಸಿ ನೋಡಿದರು. ಬಾಯಿಯನ್ನೂ ನೋಡಿದರು, ಆದರೆ ಅಂಗುಳ ಸೀಳಿದೆಯಾ ಅಂತ ಮಾತ್ರ. ನಾಲಿಗೆ ಕೆಳಗೆ ಯಾರ ಬೆರಳೂ ಹೋಗಲಿಲ್ಲ.

ಮೂರನೇ ದಿನದಿಂದ ಶುರುವಾಯಿತು. ಮಗು ಮೊಲೆ ಹಿಡಿಯುತ್ತಿತ್ತು, ಜಾರಿ ಬಿಡುತ್ತಿತ್ತು. ಮತ್ತೆ ಹಿಡಿಯುತ್ತಿತ್ತು. ಕುಡಿಯುವಾಗ ಟಕ್ ಟಕ್ ಅಂತ ಸದ್ದು. ಬಾಯಿಂದ ಬಿಡಿಸಿದಾಗ ತೊಟ್ಟು ಹೊಸ ಲಿಪ್‌ಸ್ಟಿಕ್ ತುದಿಯ ಹಾಗೆ ಓರೆಯಾಗಿ ಚಪ್ಪಟೆಯಾಗಿರುತ್ತಿತ್ತು, ನಡುವೆ ಬಿಳಿ ಗೆರೆ. ವಾರ ಕಳೆಯುವಷ್ಟರಲ್ಲಿ ಅಲ್ಲಿ ಬಿರುಕು ಬಿಟ್ಟು ರಕ್ತ ಬರತೊಡಗಿತು. ಒಂದೊಂದು ಸಲ ಕುಡಿಸಲು ಮುಕ್ಕಾಲು ಗಂಟೆ. ಅಷ್ಟು ಹೊತ್ತು ಕುಡಿದರೂ ಮಗು ಹಸಿದೇ ಇರುತ್ತಿತ್ತು. ರಾತ್ರಿ ಅದು ಎಚ್ಚರವಾಗಿ ತಲೆ ಆಡಿಸಿದರೆ ನನಗೆ ಭಯ. ಹೆತ್ತ ಮಗುವಿಗೆ ಹಾಲು ಕುಡಿಸಲು ಹೆದರುವುದು ಅಂದರೆ ಏನು ಅಂತ ಅನುಭವಿಸಿದವರಿಗೇ ಗೊತ್ತು.

ಹುಟ್ಟಿದ ತೂಕವನ್ನು ಸಾಮಾನ್ಯವಾಗಿ ಎರಡು ವಾರದೊಳಗೆ ಮಗು ಮತ್ತೆ ಮುಟ್ಟಬೇಕು. ನನ್ನ ಮಗಳು ನಾಲ್ಕನೇ ವಾರದಲ್ಲೂ ಮುಟ್ಟಿರಲಿಲ್ಲ. ತೋರಿಸದ ಕಡೆ ಇಲ್ಲ. ಒಬ್ಬರು ನಿಮಗೆ ಹಾಲು ಕಮ್ಮಿ ಅಂದರು. ಒಬ್ಬರು ಮೊದಲ ಮಗು ಅಲ್ವಾ, ಎಲ್ಲರಿಗೂ ಹೀಗೇ ಅಂದರು. ಇನ್ನೊಬ್ಬರು ನಾನು ಜಾಸ್ತಿ ಯೋಚಿಸ್ತೀನಿ ಅಂದರು. ನಾನು ಅವರೆದುರೇ ಅತ್ತೆ. ಆಗಲೂ ಮಗುವಿನ ಬಾಯಿ ತೆರೆದು ನೋಡಲಿಲ್ಲ. ಮೂರನೇ ತಿಂಗಳಿಗೆ ನನ್ನ ಹಾಲು ನಿಂತೇ ಹೋಯಿತು. ತಪ್ಪು ನನ್ನದೇ ಅಂತ ನಾಲ್ಕು ವರ್ಷ ನಂಬಿಕೊಂಡಿದ್ದೆ.

ನಿಜವಾದ ಕಾರಣ ಸಿಕ್ಕಿದ್ದು ಹೇಗೆ ಗೊತ್ತಾ? ಹುಳುಕು ಹಲ್ಲು ತೋರಿಸಲು ಹೋದಾಗ. ದಂತವೈದ್ಯರು ಮಗಳಿಗೆ ನಾಲಿಗೆ ಹೊರಗೆ ಚಾಚು ಅಂದರು. ಅವಳ ನಾಲಿಗೆ ಕೆಳತುಟಿ ದಾಟಲಿಲ್ಲ. ತುದಿ ನಡುವೆ ಒಳಕ್ಕೆ ಎಳೆದುಕೊಂಡು ಹೃದಯದ ಆಕಾರ ಆಯಿತು. ಮಗು ಅತ್ತಾಗಲೆಲ್ಲ ನಾನು ಆ ಆಕಾರ ನೋಡಿದ್ದೆ. ಮುದ್ದಾಗಿದೆ ಅಂತ ಫೋಟೋ ಕೂಡ ತೆಗೆದಿದ್ದೆ. "ಇದನ್ನು ಹುಟ್ಟಿದಾಗ ಯಾರೂ ನಿಮಗೆ ಹೇಳಲಿಲ್ವಾ?" ಅಂತ ಅವರು ಕೇಳಿದರು. ಆ ಪ್ರಶ್ನೆ ಇವತ್ತಿಗೂ ನನ್ನ ಕಿವಿಯಲ್ಲಿದೆ. ಅದನ್ನೇ ನಿಮಗೆ ಕೇಳುತ್ತಿದ್ದೇನೆ ಸಾರ್. ಯಾಕೆ ಹೇಳಲಿಲ್ಲ?

ನಾಲಿಗೆಯ ಅಡಿಯಲ್ಲಿ ಎಲ್ಲರಿಗೂ ಒಂದು ತೆಳು ಪೊರೆ ಇರುತ್ತದೆ. ಕೆಲವು ಮಕ್ಕಳಲ್ಲಿ ಅದು ಗಿಡ್ಡವಾಗಿ, ಬಿಗಿಯಾಗಿ, ನಾಲಿಗೆಯ ತುದಿಯ ಹತ್ತಿರಕ್ಕೇ ಬಂದು ಅಂಟಿರುತ್ತದೆ. ಅದೇ ಟಂಗ್ ಟೈ. ಹಾಲು ಕುಡಿಯಲು ನಾಲಿಗೆ ಕೆಳ ಒಸಡು ದಾಟಿ ಮುಂದೆ ಬಂದು ಮೊಲೆಯನ್ನು ಬೊಗಸೆಯ ಹಾಗೆ ಹಿಡಿಯಬೇಕು. ನಾಲಿಗೆ ಬರದಿದ್ದರೆ ಮಗು ಒಸಡಿನಿಂದಲೇ ಜಗಿಯುತ್ತದೆ. 100 ಶಿಶುಗಳಲ್ಲಿ ಸುಮಾರು 4ರಿಂದ 10ಕ್ಕೆ ಇದು ಇರುತ್ತದೆ ಅಂತ ಸಾಮಾನ್ಯವಾಗಿ ಅಂದಾಜು ಮಾಡುತ್ತಾರೆ. ಹುಡುಗರಲ್ಲಿ ಜಾಸ್ತಿ. ಇರುವ ಎಲ್ಲರಿಗೂ ತೊಂದರೆ ಆಗುವುದಿಲ್ಲ, ಅದೂ ನಿಜ. ಆದರೆ ಆಗುವ ಮಗುವನ್ನು ಹುಡುಕಬೇಕಲ್ಲ? ಅದಕ್ಕೆ ಯಂತ್ರ ಬೇಡ, ಸ್ಕ್ಯಾನ್ ಬೇಡ. ಬ್ರಿಸ್ಟಲ್ ಅಳತೆ ಅಂತ ಒಂದಿದೆ. ನಾಲ್ಕೇ ವಿಷಯ ನೋಡುತ್ತಾರೆ. ತುದಿ ಹೇಗಿದೆ, ಪೊರೆ ಕೆಳಗೆ ಎಲ್ಲಿ ಅಂಟಿದೆ, ನಾಲಿಗೆ ಎಷ್ಟು ಮೇಲೇಳುತ್ತದೆ, ಎಷ್ಟು ಹೊರ ಬರುತ್ತದೆ. ಒಟ್ಟು ಅಂಕ 8. ತರಬೇತಿ ಆದ ಒಬ್ಬ ನರ್ಸ್‌ಗೆ ಎರಡು ನಿಮಿಷದ ಕೆಲಸ.

ಆಸ್ಪತ್ರೆಗಳು ಮಗುಸ್ನೇಹಿ ಆಗಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 1991ರಲ್ಲೇ ಹೇಳಿವೆ. ತಾಯಿಹಾಲು ಕುಡಿಸಲು ನೆರವಾಗುವ ಅದರ ಹತ್ತು ಹೆಜ್ಜೆಗಳು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿವೆ. ಹಾಲು ಕುಡಿಸುವುದು ಹೇಗೆ ಅಂತ ತಾಯಿಗೆ ತೋರಿಸಿಕೊಟ್ಟು ನೆರವಾಗಬೇಕು ಅನ್ನುವುದು ಐದನೆಯದು, ಅದೂ ಗೊತ್ತಿದೆ. ಆ ಹತ್ತು ಹೆಜ್ಜೆಗಳ ಬೋರ್ಡ್ ನನ್ನ ವಾರ್ಡಿನ ಗೋಡೆಯ ಮೇಲೂ ಇತ್ತು. ಅದರ ಕೆಳಗೇ ಕೂತು ನಾನು ಅಳುತ್ತಿದ್ದೆ.

ಬ್ರೆಜಿಲ್ 2014ರಲ್ಲಿ ಹುಟ್ಟುವ ಪ್ರತಿ ಮಗುವಿಗೂ ನಾಲಿಗೆ ಪರೀಕ್ಷೆ ಕಡ್ಡಾಯ ಅಂತ ಕಾನೂನೇ ಮಾಡಿತು. ನಾನು ಕಾನೂನು ಕೇಳುತ್ತಿಲ್ಲ. ಒಂದು ಆದೇಶ ಸಾಕು. ಮನೆಗೆ ಕಳಿಸುವ ಮುಂಚೆ ನಾಲಿಗೆ ಎತ್ತಿ ನೋಡಿ ಅಂತ.

ಎರಡನೇ ಮಗು ಹುಟ್ಟಿದಾಗ ನಾನೇ ಕಿರುಬೆರಳು ತೊಳೆದುಕೊಂಡು ನೋಡಿದೆ. ಅದೇ ಬಿಗಿ ಪೊರೆ, ಅದೇ ನೋವು. ಹೆರಿಗೆಯಾದ ಕಡೆ ಈಗಲೇ ಏನೂ ಬೇಡ, ಬೆಳೆಯುತ್ತಾ ಸರಿಹೋಗುತ್ತೆ ಅಂದರು. ಇನ್ನೊಂದು ಕಡೆ ಹೋದೆ. ಅಲ್ಲಿ ಮಗುವಿನ ಮೇಲ್ತುಟಿ ಎತ್ತಿ, ಇಲ್ಲಿ ಲಿಪ್ ಟೈ ಕೂಡ ಇದೆ, ಎರಡನ್ನೂ ಲೇಸರ್‌ನಲ್ಲಿ ಇವತ್ತೇ ತೆಗೆಸಿಬಿಡಿ ಅಂದರು. ಹಾಲು ಹೇಗೆ ಕುಡಿಯುತ್ತೆ ಅಂತ ಅವರೂ ನೋಡಲಿಲ್ಲ. ಒಬ್ಬರು ನೋಡದೆ ಕಳಿಸಿದರು, ಇನ್ನೊಬ್ಬರು ನೋಡದೆ ಕತ್ತರಿಸಲು ಬಂದರು. ನಡುವೆ ಐದು ದಿನದ ಕೂಸು ಹಿಡಿದುಕೊಂಡು ನಾನು.

ತುಟಿಯ ವಿಷಯ ಆಮೇಲೆ ಓದಿ ತಿಳಿದುಕೊಂಡೆ. ಮೇಲ್ತುಟಿಯನ್ನು ಒಸಡಿಗೆ ಸೇರಿಸುವ ಪೊರೆ ಶಿಶುಗಳಲ್ಲಿ ದಪ್ಪಗೆ ಎದ್ದು ಕಾಣುವುದು ಸಹಜ. ಅದನ್ನು ಕತ್ತರಿಸಿದರೆ ಹಾಲು ಕುಡಿಯುವುದು ಸುಧಾರಿಸುತ್ತದೆ ಅನ್ನಲು ಗಟ್ಟಿ ಆಧಾರ ಇಲ್ಲ. ಆ ಪೊರೆಯಿಂದ ಆಗುತ್ತೆ ಅನ್ನುವ, ಮುಂದಿನ ಹಲ್ಲುಗಳ ನಡುವಿನ ಸಂದು ಕೂಡ ಎಷ್ಟೋ ಮಕ್ಕಳಲ್ಲಿ ಶಾಶ್ವತ ಕೋರೆಹಲ್ಲು ಬರುವಷ್ಟರಲ್ಲಿ, ಅಂದರೆ 11-12 ವರ್ಷಕ್ಕೆ, ತಾನೇ ಮುಚ್ಚಿಕೊಳ್ಳುತ್ತದೆ. ಕೆಲವು ಅಕ್ಷರ ಉಚ್ಚರಿಸುವುದು ಕಷ್ಟ ಆಗಬಹುದು, ಆದರೆ ಮಾತು ಶುರುವಾಗುವುದೇ ತಡ ಆಗುವುದಕ್ಕೂ ಟಂಗ್ ಟೈಗೂ ಸಂಬಂಧ ಇದೆ ಅನ್ನಲು ಆಧಾರ ಇಲ್ಲ. ಮಾತು ತಡವಾದರೆ ಮೊದಲು ಕಿವಿ ಪರೀಕ್ಷೆ ಮಾಡಿಸಬೇಕು. ಇದನ್ನೆಲ್ಲ ಒಬ್ಬ ತಾಯಿ ರಾತ್ರಿ ಎರಡು ಗಂಟೆಗೆ ಫೋನಿನಲ್ಲಿ ಹುಡುಕಿ ಓದಬೇಕಾ? ನಿಮ್ಮ ಇಲಾಖೆ ಒಂದು ಹಾಳೆಯಲ್ಲಿ ಬರೆದು ಕೊಡಬಾರದಾ?

ಕೊನೆಗೆ ಮೂರನೇ ಕಡೆ ಒಬ್ಬ ವೈದ್ಯೆ ಸಿಕ್ಕಿದರು. ಅವರು ಮೊದಲು ಸುಮ್ನೆ ಕೂತು ಮಗು ಕುಡಿಯುವುದನ್ನು ನೋಡಿದರು. ಹಿಡಿಯುವ ರೀತಿ ಬದಲಿಸಿ ಮೂರು ದಿನ ನೋಡೋಣ ಅಂದರು. ಆಗಲಿಲ್ಲ. ಮನೆಯಲ್ಲಿ ಯಾರಿಗಾದರೂ ರಕ್ತ ನಿಲ್ಲದ ಕಾಯಿಲೆ ಇದೆಯಾ, ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ಮಗುವಿಗೆ ಕೊಟ್ಟಿದ್ದಾರಾ ಅಂತ ಕೇಳಿದರು. ಆಮೇಲೆ ಮಗುವನ್ನು ಬಟ್ಟೆಯಲ್ಲಿ ಸುತ್ತಿ, ಎರಡು ಬೆರಳಿನಿಂದ ನಾಲಿಗೆ ಎತ್ತಿ, ಮೊಂಡು ತುದಿಯ ಕತ್ತರಿಯಿಂದ ಆ ಪೊರೆಯನ್ನು ಬಿಡಿಸಿದರು. ಕೆಲವೇ ಸೆಕೆಂಡು. ನಾಲ್ಕೈದು ಹನಿ ರಕ್ತ. ತಕ್ಷಣ ನನ್ನ ಎದೆಗೆ ಕೊಟ್ಟರು. ಮಗು ಹಿಡಿಯಿತು. ನೋವಿಗಾಗಿ ಹಲ್ಲು ಕಚ್ಚಿ ಕಾದೆ. ನೋವು ಬರಲಿಲ್ಲ. ಗುಟುಕು ಇಳಿಯುವ ಸದ್ದು ಕೇಳಿಸಿತು.

ಎಲ್ಲ ಮಗುವಿಗೂ ಹೀಗೇ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ತಾಯಿಯ ನೋವು ಕಮ್ಮಿ ಆಗುವುದಕ್ಕೆ ಆಧಾರ ಇದೆ, ಉಳಿದದ್ದು ಮಗುವಿನಿಂದ ಮಗುವಿಗೆ ಬೇರೆ. ಎಷ್ಟೋ ಮಕ್ಕಳಿಗೆ ಹಿಡಿಸುವ ರೀತಿ ಸರಿಮಾಡಿದರೇ ಸಾಕು, ಕತ್ತರಿ ಬೇಡವೇ ಬೇಡ. ಅದು ತಿಳಿಯುವುದಕ್ಕಾದರೂ ಮೊದಲು ನೋಡಬೇಕು ಅಲ್ವಾ?

ದೊಡ್ಡ ಮಗಳಿಗೆ ಕೆಲವು ಸೆಕೆಂಡಿನ ಕೆಲಸ ಆಗಲಿಲ್ಲ. ಐದನೇ ವರ್ಷದಲ್ಲಿ ಪೂರ್ತಿ ಪ್ರಜ್ಞೆ ತಪ್ಪಿಸಿ ಆಪರೇಷನ್ ಮಾಡಿದರು, ಹೊಲಿಗೆ ಹಾಕಿದರು. ಬಾಗಿಲ ಹೊರಗೆ ನಾನು ಕೂತಿದ್ದೆ. ಈಗ ಸ್ಪೀಚ್ ಥೆರಪಿ ನಡೆಯುತ್ತಿದೆ. ನಾಲಿಗೆ ತುದಿ ಮೇಲಕ್ಕೆತ್ತಿ ಅಂಗುಳಿಗೆ ತಾಗಿಸಲು ಬರದೆ ಅವಳಿಗೆ ಳ, ಣ ಕಷ್ಟ. ದಿನಾ ಸಂಜೆ ಕನ್ನಡಿ ಮುಂದೆ ನಿಂತು "ಅಳಿಲು, ಅಳಿಲು" ಅನ್ನುತ್ತಾಳೆ. ಶಾಲೆಯಲ್ಲಿ ಅವಳ ಮಾತನ್ನು ಅಣಕಿಸುತ್ತಾರೆ ಅಂತ ಹೋದ ವಾರ ಹೇಳಿದಳು. ಆ ರಾತ್ರಿಯೇ ಈ ಪತ್ರ ಶುರುಮಾಡಿದೆ.

ಮನೆಗೆ ಕಳಿಸುವ ಮುಂಚೆ ಪ್ರತಿ ಮಗುವಿನ ನಾಲಿಗೆ ಎತ್ತಿ ನೋಡುವಂತೆ ಆದೇಶ ಮಾಡಿ. ಕುಡಿಯುವುದನ್ನು ನೋಡದೆ ಯಾರೂ ಕತ್ತರಿ ಎತ್ತಬಾರದು, ಲೇಸರ್ ಎತ್ತಬಾರದು ಅಂತ ಅದೇ ಆದೇಶದಲ್ಲಿ ಬರೆಸಿ. ನರ್ಸ್‌ಗಳಿಗೆ ತರಬೇತಿ ಕೊಡಿಸಿ. ಪರಿಶೀಲಿಸಲಾಗುವುದು ಅನ್ನುವ ಉತ್ತರ ದಯವಿಟ್ಟು ಮತ್ತೆ ಕಳಿಸಬೇಡಿ. ಆದೇಶ ಯಾವ ದಿನ ಹೊರಡುತ್ತದೆ ಅಂತ ಮಾತ್ರ ತಿಳಿಸಿ.

ಇಂತಿ,
ಇಬ್ಬರು ಮಕ್ಕಳ ತಾಯಿ