ತಂಗಿಯ ಸೆಮಿನಾರು ಮತ್ತು ಉದ್ದ ಪದಗಳ ಒತ್ತು

ಲೀಡ್ಸ್, ಇಂಗ್ಲೆಂಡ್

ತೀರ್ಥರೂಪ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು.

ನಾನು ಕ್ಷೇಮ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಲ್ಲಿ ತಂಗಿ ದೇವರಕಾಡುಗಳ ಬಗ್ಗೆ ಇಂಗ್ಲಿಷಿನಲ್ಲಿ ಸೆಮಿನಾರ್ ಕೊಡಬೇಕಾಗಿದೆಯೆಂದೂ, ಉದ್ದ ಪದ ಬಂದಲ್ಲೆಲ್ಲ ತಡವರಿಸುತ್ತಾಳೆಂದೂ ಬರೆದಿದ್ದಿರಿ. ನೀವೇ ಪಕ್ಕದಲ್ಲಿ ಕೂತು ಅಭ್ಯಾಸ ಮಾಡಿಸಲೆಂದು ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಪದವನ್ನು ಸಿಲಬಲ್‌ಗಳಾಗಿ, ಅಂದರೆ ಒಂದೊಂದು ಸ್ವರವಿರುವ ಉಚ್ಚಾರದ ತುಣುಕುಗಳಾಗಿ, ಬಿಡಿಸಬೇಕು. ಬರೆದ ಸ್ವರಾಕ್ಷರಗಳನ್ನಲ್ಲ, ಕಿವಿಗೆ ಕೇಳುವ ಸ್ವರಗಳನ್ನು ಎಣಿಸಬೇಕು. ‘ಬಯೋಡೈವರ್ಸಿಟಿ’ಯನ್ನು ಬೈ-ಓ-ಡೈ-ವರ್-ಸಿ-ಟಿ ಎಂದು ಆರಾಗಿ ಬಿಡಿಸಿ, ‘ವರ್’ ಎಂಬಲ್ಲಿ ದನಿಯನ್ನು ಏರಿಸಿ ತುಸು ಎಳೆದು, ಉಳಿದವನ್ನು ಹಗುರವಾಗಿ ದಾಟಿಸಬೇಕು. ಹೀಗೆ ದನಿಯೇರಿಸಿ ಕೊಡುವ ಬಲವನ್ನೇ ಇಲ್ಲಿ ‘ಒತ್ತು’ ಎನ್ನುತ್ತಿದ್ದೇನೆ, ನಮ್ಮ ಒತ್ತಕ್ಷರವನ್ನಲ್ಲ. ನಾವು ಕನ್ನಡಿಗರು ಎಲ್ಲ ಸಿಲಬಲ್‌ಗಳಿಗೂ ಸಮನಾದ ತೂಕ ಕೊಡುವುದರಿಂದಲೇ ಎಷ್ಟೋ ಸಲ ಪದ ಸರಿಯಿದ್ದರೂ ಇಲ್ಲಿಯವರಿಗೆ ತಿಳಿಯುವುದಿಲ್ಲ.

ನೀವು ನಮಗೆ ಕಲಿಸಿದ ಲಘು-ಗುರುವಿನಲ್ಲಿ ದೀರ್ಘವನ್ನೋ ಒತ್ತಕ್ಷರದ ಹಿಂದಿನ ಅಕ್ಷರವನ್ನೋ ನೋಡಿದೊಡನೆ ಗುರುವೆಂದು ಹೇಳಬಹುದು. ಇಂಗ್ಲಿಷಿನ ಬರಹದಲ್ಲಿ ಅಂಥ ಗುರುತಿಲ್ಲ. ಆದರೂ ಪದದ ಬಾಲ ದಾರಿ ತೋರಿಸುತ್ತದೆ. ‘-ಷನ್’, ‘-ಇಟಿ’, ‘-ಇಕ್’ ಎಂದು ಮುಗಿಯುವ ಪದಗಳಲ್ಲಿ ಒತ್ತು ಸಾಮಾನ್ಯವಾಗಿ ಆ ಬಾಲದ ಹಿಂದಿನ ಸಿಲಬಲ್ ಮೇಲೆ ಬೀಳುತ್ತದೆ: ‘ಕನ್ಸರ್ವೇಷನ್’ನಲ್ಲಿ ‘ವೇ’ಗೆ ಒತ್ತು. ‘ಅರಿತ್ಮೆಟಿಕ್’, ‘ಪಾಲಿಟಿಕ್ಸ್’ ಇದಕ್ಕೆ ಒಗ್ಗುವುದಿಲ್ಲ. ಅವನ್ನು ಹಾಗೆಯೇ ಕಲಿಯಬೇಕು.

ಬಾಲ ಬದಲಾದಾಗ ಒತ್ತು ಜಾಗ ಬಿಡುವುದೇ ಅವಳಿಗೆ ಕಷ್ಟವಾಗುತ್ತಿರಬೇಕು. ‘ಬಯಾಲಜಿ’ಯಲ್ಲಿ ಎರಡನೆಯ ಸಿಲಬಲ್‌ಗೆ ಒತ್ತು, ‘ಬಯಲಾಜಿಕಲ್’ನಲ್ಲಿ ಮೂರನೆಯದಾದ ‘ಲಾ’ಗೆ. ‘ಫೋಟೋಸಿಂಥಿಸಿಸ್’ನಲ್ಲಿ ‘ಸಿಂ’ ಮೇಲಿದ್ದ ಒತ್ತು ‘ಫೋಟೋಸಿಂಥೆಟಿಕ್’ನಲ್ಲಿ ‘ಥೆ’ಗೆ ಸರಿಯುತ್ತದೆ. ಒತ್ತು ತಪ್ಪಿದ ಸ್ವರ ಹಲವು ಕಡೆ ಮಸುಕಾದ ‘ಅ’ಕಾರವಾಗುತ್ತದೆ, ಕೆಲವೆಡೆ ಬಿದ್ದೇಹೋಗುತ್ತದೆ; ‘ವೆಜಿಟೇಬಲ್’ ಇಲ್ಲಿ ‘ವೆಜ್-ಟ-ಬಲ್’ ಎಂದು ಮೂರೇ ಸಿಲಬಲ್.

ಸಂದೇಹ ಬಂದರೆ ನಿಘಂಟು ನೋಡಲಿ. ಉಚ್ಚಾರಣೆಯ ಲಿಪಿಯಲ್ಲಿ ಮೇಲೆ ಕಾಣುವ ಪುಟ್ಟ ನಿಲುವು ಗೆರೆ, ತನ್ನ ಮುಂದಿನ ಸಿಲಬಲ್‌ಗೆ ಒತ್ತು ಎಂದು ಸೂಚಿಸುತ್ತದೆ. ಕೆಳಗಿನ ಗೆರೆ ಅದಕ್ಕಿಂತ ಕಡಿಮೆ ಒತ್ತಿನದು. ಮುಖ್ಯಪದದ ನಡುವಿನ ಚುಕ್ಕಿಗಳನ್ನು ಮಾತ್ರ ನೆಚ್ಚಬಾರದು, ಅವು ಅನೇಕ ನಿಘಂಟುಗಳಲ್ಲಿ ಸಾಲಿನ ಕೊನೆಯಲ್ಲಿ ಪದವನ್ನು ಎಲ್ಲಿ ಮುರಿಯಬಹುದೆಂದು ತೋರಿಸಲು ಇರುವಂಥವು.

ಭಾಷಣದ ಪ್ರತಿಯಲ್ಲಿ ಪ್ರತಿ ಉದ್ದ ಪದದ ಒತ್ತಿನ ಸಿಲಬಲ್ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆಯಿಸಿ, ಮೊದಲು ಪದವನ್ನಷ್ಟೇ, ಬಳಿಕ ಇಡೀ ವಾಕ್ಯವನ್ನು ಗಟ್ಟಿಯಾಗಿ ಓದಿಸಿ. ಓದಿದ್ದನ್ನು ರೆಕಾರ್ಡ್ ಮಾಡಿ ಕಳುಹಿಸಿದರೆ ನಾನೂ ಕೇಳಿ ತಿದ್ದುತ್ತೇನೆ.

ಅಮ್ಮನಿಗೆ ನಮಸ್ಕಾರಗಳನ್ನು ತಿಳಿಸಿ.

ಇಂತಿ ನಿಮ್ಮ ಮಗ