ಮನೇಲಿ ಏನಂತಾರೆ ಅಂತ ಕೌನ್ಸೆಲರ್ ಕೇಳ್ಬೇಕು

ಸಂಪಾದಕರೇ,

ಮನಸ್ಸಿಗೆ ಕಷ್ಟ ಆದ್ರೆ ಕೌನ್ಸೆಲರ್ ಹತ್ರ ಹೋಗಿ ಅಂತ ಈಗ ಎಲ್ಲರೂ ಹೇಳ್ತಾರೆ, ಒಳ್ಳೇದೇ, ಆದ್ರೆ ಹೋದವರಲ್ಲಿ ಎಷ್ಟೋ ಜನ ಎರಡನೇ ಸಲ ಆ ಕಡೆ ತಲೆ ಹಾಕಲ್ಲ ಯಾಕೆ ಅಂತ ಯಾರೂ ಮಾತಾಡಲ್ಲ. ನಾನೂ ಹಂಗೆ ಬಿಟ್ಟವಳೇ. ಮೊದಲು ನೋಡಿದ ಕೌನ್ಸೆಲರ್ ಕೆಟ್ಟವರೇನಲ್ಲ, ಸಮಾಧಾನವಾಗೇ ಕೇಳಿಸ್ಕೊಂಡ್ರು, ಆದ್ರೆ ಅರ್ಧ ಗಂಟೆ ಆಗೋದ್ರೊಳಗೆ ‘ನಿಮ್ಮ ಲೈಫು ನಿಮ್ದು, ಅಪ್ಪ ಅಮ್ಮಂಗೆ ಆಗಲ್ಲ ಅನ್ನೋದು ಕಲೀರಿ’ ಅಂದ್ಬಿಟ್ರು. ನಮ್ಮನೇಲಿ ಒಬ್ಬರದ್ದೇ ನಿರ್ಧಾರ ಅಂತ ಇಲ್ವೇ ಇಲ್ಲ, ಎಲ್ಲರೂ ಕೂತು ಮಾತಾಡಿ ಆಗ್ಬೇಕು, ಅದರ ಮೇಲೆ ಮನೆ ಮಾತು ಹೊಸಿಲು ದಾಟಬಾರದು ಅಂತ ಕೇಳ್ಕೊಂಡೇ ಬೆಳೆದೋಳು ನಾನು, ಗೊತ್ತಿಲ್ದೋರ ಮುಂದೆ ಬಾಯಿ ಬಿಟ್ಟಿದ್ದೇ ಹೆತ್ತೋರಿಗೆ ಮೋಸ ಮಾಡ್ದಂಗೆ ಅನ್ನಿಸ್ತಿತ್ತು. ಆ ಅಳುಕು ಯಾಕೆ ಅಂತ ಅವರು ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ, ಎದ್ದು ಬಂದೆ.

ಕೇಳೋಕೆ ಪ್ರಶ್ನೆಗಳಿಲ್ಲ ಅಂತೇನಲ್ಲ. ಅಮೆರಿಕನ್ ಸೈಕಿಯಾಟ್ರಿಕ್ ಅಸೋಸಿಯೇಷನ್ 2013ರಲ್ಲಿ ತಂದ ಡಿಎಸ್‌ಎಂ-5 ಅನ್ನೋ, ಮನಸ್ಸಿನ ಕಾಯಿಲೆ ಗುರುತಿಸೋ ಕೈಪಿಡೀಲಿ ಪೇಷಂಟಿನ ಮನೆ, ಹಿನ್ನೆಲೆ ತಿಳ್ಕೊಳ್ಳೋಕಂತಲೇ 16 ಪ್ರಶ್ನೆ ಕೊಟ್ಟಿದ್ದಾರೆ, ಕಲ್ಚರಲ್ ಫಾರ್ಮ್ಯುಲೇಷನ್ ಇಂಟರ್‌ವ್ಯೂ ಅಂತ ಹೆಸರು. ಇದು ಯಾಕಾಗ್ತಿದೆ ಅಂತ ನಿಮಗನ್ನಿಸತ್ತೆ, ಮನೆಯವರು ಸ್ನೇಹಿತರು ಏನು ಕಾರಣ ಅಂತಾರೆ, ಇಂಥವು. ಡಾಕ್ಟರೂ ಪೇಷಂಟೂ ಬೇರೆ ಬೇರೆ ಹಿನ್ನೆಲೆಯವರಾದ್ರೆ ಒಬ್ಬರನ್ನೊಬ್ಬರು ತಪ್ಪು ತಿಳ್ಕೋಬಹುದು, ನಿಮಗೆ ಆ ಚಿಂತೆ ಇದ್ಯಾ ಅಂತ ಕೊನೇ ಪ್ರಶ್ನೆ. ನನಗೆ ಅದೊಂದು ಕೇಳಿದ್ರೆ ಸಾಕಿತ್ತು.

ಒಂದೇ ಸಂಕಟಕ್ಕೆ ಒಬ್ಬರ ಮನೇಲಿ ಕಾಯಿಲೆ ಅಂತಾರೆ, ಇನ್ನೊಬ್ಬರ ಮನೇಲಿ ಸೋಮಾರಿತನ, ಮತ್ತೊಬ್ಬರಲ್ಲಿ ಹಣೆಬರಹ. ಕೆಲವರಿಗೆ ಮನಸ್ಸು ಸರಿ ಇಲ್ಲ ಅನ್ನೋ ಮಾತೇ ಬಾಯಿಗೆ ಬರಲ್ಲ, ಎದೆ ಭಾರ, ತಲೆನೋವು, ನಿದ್ದೆ ಇಲ್ಲ ಅಂತಾರೆ, ಅದನ್ನ ಅರ್ಥ ಮಾಡ್ಕೊಳ್ದೆ ಡಿಪ್ರೆಶನ್ ಅಂತ ಹೆಸರಿಟ್ಟು ಕಳಿಸಿದ್ರೆ ಮನೇಲಿ ಅವರಿಗೆ ಬೇರೇನೇ ಹೆಸರು ಸಿಗತ್ತೆ. ಭಾಷೆ ಬರಲ್ಲ ಅಂತ ಮಗನನ್ನೋ ಮಗಳನ್ನೋ ಕೂರಿಸ್ಕೊಂಡು ಅನುವಾದ ಮಾಡಿಸೋದಂತೂ ಬೇಡವೇ ಬೇಡ, ಯಾವ ತಾಯಿ ತನ್ನ ಮದುವೆ ಕಷ್ಟಾನ ಮಗುವಿನ ಬಾಯಲ್ಲಿ ಹೇಳಿಸ್ತಾಳೆ?

ಹಂಗಂತ ಮನೆಯವರು ನಂಬಿದ್ದೆಲ್ಲಾ ಸರಿ ಅನ್ನಬೇಕು ಅಂತಲ್ಲ. ಹೊಡೆಯೋದನ್ನ, ಕೂಡಿ ಹಾಕೋದನ್ನ ಅದು ಅವರ ಪದ್ಧತಿ ಅಂತ ಕೌನ್ಸೆಲರ್ ಸುಮ್ನಿದ್ರೆ ಅದಕ್ಕಿಂತ ದೊಡ್ಡ ಅನ್ಯಾಯ ಇಲ್ಲ. ಇಂಥ ಸಮುದಾಯದವರು ಹಿಂಗೇ ಅಂತ ಮೊದಲೇ ಲೆಕ್ಕ ಹಾಕೋದೂ ತಪ್ಪು, ಒಂದೇ ಮನೇಲಿ ಅಣ್ಣನ ನಂಬಿಕೆ ತಂಗೀಗೆ ಇರಲ್ಲ. ಅದಕ್ಕೇ ಊಹೆ ಮಾಡ್ಬೇಡಿ, ಕೇಳಿ ಅಂತಿರೋದು.

ಎರಡು ವರ್ಷ ಬಿಟ್ಟು ಇನ್ನೊಬ್ಬರ ಹತ್ರ ಹೋದೆ, ‘ಮನೇಲಿ ಇದಕ್ಕೆ ಏನಂತಾರೆ’ ಅಂತಲೇ ಅವರು ಶುರು ಮಾಡಿದ್ದು. ಆಮೇಲೆ ನನ್ನ ಒಪ್ಪಿಗೆ ತಗೊಂಡು ಒಂದು ಸಲ ಅಮ್ಮನ್ನೂ ಕರೆಸಿದ್ರು, ತನಗೂ ನನ್ನ ವಯಸ್ಸಲ್ಲಿ ಹಿಂಗೇ ಆಗಿತ್ತು, ಯಾರಿಗೂ ಹೇಳಿರ್ಲಿಲ್ಲ ಅಂತ ಅಮ್ಮ ಅವತ್ತು ಹೇಳಿದ್ರು. ಕೌನ್ಸೆಲಿಂಗ್ ಕಲಿಸೋರು ಈ ಒಂದು ಪ್ರಶ್ನೇನ ದಯವಿಟ್ಟು ಮೊದಲ ಭೇಟೀಲೇ ಕೇಳೋ ಹಾಗೆ ಕಲಿಸಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು