ನೆರೆಮನೆಯವರನ್ನು ದೂರ ಮಾಡಬೇಡಿ

ಮಾನ್ಯ ಸಂಪಾದಕರೇ,

1993ರ ಸೆಪ್ಟೆಂಬರ್ 30. ಹಿಂದಿನ ದಿನ ಗಣಪತಿ ಬಿಟ್ಟು ಬಂದು ಜನ ಮಲಗಿದ್ದರು. ನಸುಕಿನ 4ರ ಹೊತ್ತಿಗೆ ಭೂಕಂಪವಾಗಿ, ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿ ಭಾಗದ ಕಲ್ಲು-ಮಣ್ಣಿನ ಮನೆಗಳು ಮಲಗಿದವರ ಮೇಲೇ ಕುಸಿದವು. ಹತ್ತಿರ ಹತ್ತಿರ 10 ಸಾವಿರ ಜನ ಹೋದರು. ಬಸವಕಲ್ಯಾಣದ ನಮ್ಮ ಮನೆಯಲ್ಲೂ ಪಾತ್ರೆಗಳು ಉರುಳಿದವು. ನನ್ನ ಅಕ್ಕನನ್ನು ಕೊಟ್ಟಿದ್ದು ಅಲ್ಲಿಯ ಹಳ್ಳಿಗೇ. ಅವಳು ಉಳಿದಳು. ಕತ್ತಲಲ್ಲಿ ಪಕ್ಕದ ಮನೆಯವರು ಬರಿಗೈಯಲ್ಲಿ ಮಣ್ಣು ಬಗೆದು ಹೊರಗೆ ಎಳೆದಿದ್ದರು.

ಆಮೇಲೆ ಊರನ್ನೇ ಬೇರೆ ಜಾಗಕ್ಕೆ ಒಯ್ದರು. ಅಕ್ಕನಿಗೂ ಗಟ್ಟಿ ಮನೆ ಸಿಕ್ಕಿತು. ಅಗಲ ರಸ್ತೆ, ನೆಟ್ಟನೆ ಸಾಲು. ಆದರೆ ಆ ನೆರೆಯವರ ಮನೆ ಊರಿನ ಇನ್ನೊಂದು ತುದಿಗೆ ಬಿತ್ತು. ಹಳೇ ಊರಲ್ಲಿ ಅಕ್ಕ ಕಟ್ಟೆಯ ಮೇಲಿಂದಲೇ ಅವರಿಗೆ ಪಲ್ಯದ ಬಟ್ಟಲು ದಾಟಿಸುತ್ತಿದ್ದಳು. ಈಗ ಮೊಣಕಾಲು ನೋವು, ಅಷ್ಟು ದೂರ ನಡೆಯಲಾರಳು. "ಮನಿ ಗಟ್ಟಿ ಅದ. ರಾತ್ರಿ ಕೂಗಿದ್ರ ಯಾರ್ ಬರ್ತಾರ?" ಅಂತ ಕೇಳುತ್ತಾಳೆ.

ಪುನರ್ವಸತಿಯಲ್ಲಿ ಸಿಮೆಂಟು, ಕಬ್ಬಿಣದ ಲೆಕ್ಕವೇ ಜಾಸ್ತಿ ಆಗುತ್ತದೆ, ಅಲ್ವಾ? ಭೂಕಂಪವಿರಲಿ, ಪ್ರವಾಹವಿರಲಿ, ನಿವೇಶನ ಹಂಚುವ ಮೊದಲು ಯಾರ ಪಕ್ಕ ಯಾರಿದ್ದರು ಅಂತ ಜನರನ್ನೇ ಕೇಳಿ. ಓಣಿಗೆ ಓಣಿಯನ್ನೇ ಒಟ್ಟಿಗೆ ಸಾಗಿಸಿ.

– ನಿವೃತ್ತ ಶಿಕ್ಷಕಿ, ಬಸವಕಲ್ಯಾಣ